ಒಂದಡಿಗಿಂತ ಕೆಳಗಿನ ಸದ್ದು: ಮೆಟಲ್ ಡಿಟೆಕ್ಟರ್ ಜೊತೆ ನನ್ನ ಅನುಭವ

ಇಂಗ್ಲೆಂಡಿನ ಸಫೋಕ್ ಕಡೆ ಗೋಧಿ ಕೊಯ್ಲು ಮುಗಿದ ಮೇಲೆ ಹೊಲಗಳು ಖಾಲಿ ಇರುತ್ತವೆ. ರೈತರಿಂದ ಬರಹದಲ್ಲಿ ಒಪ್ಪಿಗೆ ಪಡೆದು, ಮೆಟಲ್ ಡಿಟೆಕ್ಟರ್ ಹಿಡಿದು ಅಲ್ಲಿ ಓಡಾಡುವುದು ನನ್ನ ಹವ್ಯಾಸ. "ನಿಮ್ಮ ಮಷಿನ್ ಎಷ್ಟು ಆಳ ಹೋಗುತ್ತೆ?" ಅಂತ ಹೊಸಬರು ಮೊದಲು ಕೇಳುತ್ತಾರೆ. ಆಳದ ವಸ್ತು ಸಿಗುವುದು ಮಷಿನ್‌ಗಿಂತ ಜಾಸ್ತಿ ಕಿವಿಯಿಂದ, ತಾಳ್ಮೆಯಿಂದ ಅಂತ ನನಗನಿಸುತ್ತದೆ.

ಮಷಿನ್ ತುದಿಯ ತಟ್ಟೆಯಂಥ ಕಾಯಿಲ್‌ನಿಂದ (ತಂತಿಯ ಸುರುಳಿ) ಹೊರಟ ಅಯಸ್ಕಾಂತ ಕ್ಷೇತ್ರ ಹೋಗುವಾಗಲೂ ಸೊರಗುತ್ತದೆ, ವಸ್ತುವಿನಿಂದ ವಾಪಸ್ ಬರುವಾಗಲೂ ಸೊರಗುತ್ತದೆ. ಕಾಯಿಲ್‌ನ ಅಗಲಕ್ಕಿಂತ ದೂರ ಹೋದ ಮೇಲಂತೂ, ಆಳ ಎರಡು ಪಟ್ಟಾದರೆ ಸಿಗ್ನಲ್ ಸುಮಾರು 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಸೆನ್ಸಿಟಿವಿಟಿಯನ್ನು ಸುಮ್ನೆ ತುದಿಗೆ ಏರಿಸಿದರೆ ಆಳ ಹೆಚ್ಚೇನೂ ಸಿಗುವುದಿಲ್ಲ, ಗಲಾಟೆ ಮಾತ್ರ ಸಿಗುತ್ತದೆ. 15 ಇಂಚಿನ ದೊಡ್ಡ ಕಾಯಿಲ್ ಆಳಕ್ಕೆ ಒಳ್ಳೆಯದೇ. ಆದರೆ ಸಣ್ಣ ನಾಣ್ಯಗಳು ಅದಕ್ಕೆ ಅಷ್ಟಾಗಿ ಕೇಳಿಸುವುದಿಲ್ಲ, ಮಧ್ಯಾಹ್ನದ ಹೊತ್ತಿಗೆ ಭುಜವೂ ಬಿದ್ದುಹೋಗುತ್ತದೆ.

ನಾನು ಮೊದಲು ನೋಡುವುದು ಇಳಿಜಾರಿನ ಬುಡ. ನೂರಾರು ವರ್ಷ ಉತ್ತ ಮಣ್ಣು ಮಳೆಗೆ ಜಾರಿ ಅಲ್ಲಿ ಬಂದು ಕೂತಿರುತ್ತದೆ. ದಿಬ್ಬದ ಮೇಲೆ ಮೇಲ್ಮಣ್ಣಿನಲ್ಲೇ ಸಿಗುವಂಥದ್ದು ಇಲ್ಲಿ ಒಂದಡಿ ಕೆಳಗಿರಬಹುದು. ಮಳೆ ಬಂದು ನೆಲ ಹದವಾಗಿದ್ದರೆ ಇನ್ನೂ ಒಳ್ಳೆಯದು.

ಅಲ್ಲಿ ಡಿಸ್ಕ್ರಿಮಿನೇಶನ್, ಅಂದರೆ ಕಬ್ಬಿಣದಂಥ ಬೇಡದ ಲೋಹದ ಸದ್ದನ್ನು ಅಡಗಿಸುವ ಸೆಟ್ಟಿಂಗ್, ತೆಗೆದುಬಿಡುತ್ತೇನೆ. ಆಳದ ಕಂಚನ್ನೂ ಮಷಿನ್ ಕಬ್ಬಿಣ ಅಂತ ಓದಿಬಿಡುವುದುಂಟು. ಗ್ರೌಂಡ್ ಬ್ಯಾಲೆನ್ಸ್ (ಮಣ್ಣಿನ ಖನಿಜದ ಸದ್ದನ್ನು ಕಳೆಯುವ ಹೊಂದಾಣಿಕೆ) ಮತ್ತೆ ಮತ್ತೆ ಸರಿಮಾಡಿಕೊಂಡು, ಕಾಯಿಲ್ ನೆಲಕ್ಕೆ ತಾಗುವಷ್ಟು ಕೆಳಗಿಟ್ಟು, ನಿಧಾನವಾಗಿ ಬೀಸುತ್ತೇನೆ. ಹೋದ ವರ್ಷ ಸಿಕ್ಕ ಒಂದು ಸದ್ದು ಹಾಗೇ ಇತ್ತು. ಹೆಡ್‌ಫೋನ್‌ನಲ್ಲಿ ಸಣ್ಣಗೆ ಉಸಿರೆಳೆದಂತೆ ಬಂದು ಹೋಯಿತು. ಪರದೆಯ ಮೇಲೆ ಲೋಹದ ಬಗೆ ತೋರಿಸುವ ಅಂಕಿ ಒಂದು ಕಡೆ ನಿಲ್ಲುತ್ತಿರಲಿಲ್ಲ. ಪಕ್ಕಕ್ಕೆ ತಿರುಗಿ ಅಡ್ಡ ದಿಕ್ಕಿನಿಂದ ಬೀಸಿದೆ, ಅದೇ ಜಾಗದಲ್ಲಿ ಮತ್ತೆ ಬಂತು. ಕಾಯಿಲ್ಲನ್ನು ನಾಲ್ಕು ಬೆರಳು ಮೇಲೆತ್ತಿದೆ. ಮೇಲಿನ ಸಣ್ಣ ತುಂಡಾಗಿದ್ದರೆ ಸದ್ದು ಥಟ್ಟನೆ ಕಮ್ಮಿಯಾಗಬೇಕಿತ್ತು. ಇದು ಸ್ವಲ್ಪವೇ ತಗ್ಗಿತು, ಅಗಲವಾಗಿಯೇ ಉಳಿಯಿತು. ದೊಡ್ಡದು, ಆಳದಲ್ಲಿದೆ ಅಂತ ಆಗಲೇ ಗೊತ್ತಾಯಿತು.

ಇಂಥ ಕಡೆ ಕಿರಿದಾದ ಗುಂಡಿ ತೋಡಲೇಬಾರದು. ಮೊದಲೇ ಎರಡಡಿ ಅಗಲಕ್ಕೆ ಗುರುತು ಹಾಕಿ, ಮಣ್ಣನ್ನು ಟಾರ್ಪಾಲಿನ್ ಮೇಲೆ ಹಾಕುತ್ತಾ, ಒಂದೊಂದು ಪದರವಾಗಿ ಇಳಿಯುತ್ತೇನೆ. ಪ್ರತಿ ಪದರಕ್ಕೂ ಗುಂಡಿಯನ್ನೂ ರಾಶಿಯನ್ನೂ ಮತ್ತೆ ನೋಡುತ್ತೇನೆ. ವಸ್ತು ಅಂಚಿಗೆ ಸರಿದಿದ್ದರೆ ಆಗ ತಿಳಿಯುತ್ತದೆ. ಇಲ್ಲದಿದ್ದರೆ ಸಲಿಕೆ ನೇರವಾಗಿ ಅದರ ಮೇಲೇ ಬೀಳುತ್ತದೆ. ಕೊನೆಯ ಕೆಲಸ ಪಿನ್‌ಪಾಯಿಂಟರ್ (ಕೈಯಲ್ಲಿ ಹಿಡಿಯುವ ಪುಟ್ಟ ಡಿಟೆಕ್ಟರ್), ಕೈ ಮತ್ತು ಮರದ ಕಡ್ಡಿಯದು. ಸುಮಾರು 35 ಸೆಂಟಿಮೀಟರಿನಲ್ಲಿ, ಇನ್ನೂ ಕಪ್ಪು ಉಳುಮೆ ಮಣ್ಣೇ ಇರುವಾಗ, ಹಸಿರು ಹಿಡಿದ ಒಂದು ಮೂಲೆ ಕಂಡಿತು. ಮಧ್ಯಯುಗದ ಅಡುಗೆ ಪಾತ್ರೆಯೊಂದರ ಕಂಚಿನ ಕಾಲು. ತುದಿಯಲ್ಲಿ ಪ್ರಾಣಿಯ ಪಂಜದ ಹಾಗೆ ಮೂರು ಗೀರು.

ಮಣ್ಣಿನ ಬಣ್ಣ ಬದಲಾಗುವ ಕಡೆ ನಾನು ನಿಲ್ಲಿಸುತ್ತೇನೆ. ಸಾಮಾನ್ಯ ಹೊಲದಲ್ಲಿ 25-30 ಸೆಂಟಿಮೀಟರಿನ ತನಕ ನೇಗಿಲು ಈಗಾಗಲೇ ಕಲಕಿರುತ್ತದೆ. ಅದರ ಕೆಳಗಿನದು ಇಟ್ಟ ಜಾಗದಲ್ಲೇ ಇರಬಹುದು. ಅಲ್ಲಿಂದ ಮುಂದೆ ಆ ಜಿಲ್ಲೆಯ ಫೈಂಡ್ಸ್ ಲಿಯೇಸನ್ ಆಫೀಸರ್‌ಗೆ, ಅಂದರೆ ಸಿಕ್ಕ ಹಳೆಯ ವಸ್ತುಗಳನ್ನು ದಾಖಲಿಸುವ ಅಧಿಕಾರಿಗೆ, ಫೋನ್. ಅದು ಕಾನೂನಿನ ಪ್ರಕಾರ ನಿಧಿಯೆನಿಸುವಂಥದ್ದಾದರೆ 14 ದಿನದೊಳಗೆ ತಿಳಿಸುವುದು ಕಡ್ಡಾಯ ಕೂಡ. 2010ರಲ್ಲಿ ಸಾಮರ್‌ಸೆಟ್‌ನ ಫ್ರೋಮ್ ಬಳಿ ಡೇವ್ ಕ್ರಿಸ್ಪ್ ಎಂಬ ಡಿಟೆಕ್ಟರ್ ಹವ್ಯಾಸಿ ಮಡಕೆಯ ಬಾಯಿ ಕಂಡೊಡನೆ ಅಗೆಯುವುದನ್ನು ನಿಲ್ಲಿಸಿ ತಜ್ಞರನ್ನು ಕರೆದರು. ಒಳಗೆ 52,503 ರೋಮನ್ ನಾಣ್ಯಗಳಿದ್ದವು. ಪದರ ಪದರವಾಗಿ ತೆಗೆದಿದ್ದರಿಂದ, ಕೊನೆಯ ಕಾಲದ ನಾಣ್ಯಗಳು ಮೇಲಲ್ಲ, ಮಡಕೆಯ ಅರ್ಧಕ್ಕಿಂತ ಕೆಳಗಿದ್ದವು ಎಂದು ತಿಳಿಯಿತು. ಅಂದರೆ ವರ್ಷವರ್ಷ ಕೂಡಿಟ್ಟಿದ್ದಲ್ಲ, ಒಂದೇ ಸಲ ಹೂತಿದ್ದು. ಅವರು ಬಾಚಿ ಚೀಲಕ್ಕೆ ತುಂಬಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ ಅಲ್ವಾ?

ಊರಿನಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದಾಗಲೆಲ್ಲ, "ಅಣ್ಣ, ಈ ಸಲ ಮಷಿನ್ ತಗೊಂಡ್ಬಾ, ಹಳೇ ಗುಡಿ ಹತ್ರ ಒಂದ್ಸಲ ನೋಡೋಣ" ಅನ್ನುತ್ತಾನೆ. ನಿಧಿಯಾಸೆಗೆ ನಮ್ಮ ಕಡೆ ಗರ್ಭಗುಡಿಯ ನೆಲವನ್ನೇ ಅಗೆದು ಹಾಕಿದ್ದನ್ನು ನೋಡಿ ಹೊಟ್ಟೆ ಉರಿದಿದೆ. ಮಷಿನ್ ಇಲ್ಲೇ ಇರುತ್ತೆ, ಬೇಕಾದರೆ ನೀನೇ ಬಾ, ಹೊಲಕ್ಕೆ ಕರ್ಕೊಂಡು ಹೋಗ್ತೀನಿ ಅಂತ ಹೇಳಿದ್ದೇನೆ.