ಕಡಲತೀರದ ಕಸ: ಹೆಕ್ಕುವಾಗಲೇ ಎಣಿಸಿ

ಕಡಲತೀರ ಸ್ವಚ್ಛಗೊಳಿಸಲು ಹೊರಟವರಿಗೆ ಒಂದು ಸಲಹೆ. ಪ್ರತಿ ಸಲ ಹೊಸ ಜಾಗ ಹುಡುಕಬೇಡಿ. 100 ಮೀಟರ್ ಉದ್ದದ ಒಂದೇ ಜಾಗವನ್ನು ಆರಿಸಿಕೊಂಡು, ಎರಡೂ ತುದಿಗಳನ್ನು ಮೊಬೈಲ್ ನಕ್ಷೆಯಲ್ಲಿ ಗುರುತು ಮಾಡಿಟ್ಟುಕೊಳ್ಳಿ. ಇಳಿತದ ಹೊತ್ತಿಗೆ ಹೋಗಿ. ಹಿಂದಿನ ಉಬ್ಬರ ಬಿಟ್ಟುಹೋದ ಗೆರೆಯಲ್ಲಿ ಕಸ ಹೆಚ್ಚು. ಬಾಟಲಿ, ಮುಚ್ಚಳ, ಹಗ್ಗದ ತುಂಡು ಎಂದು ಬೇರೆಬೇರೆಯಾಗಿ ಎಣಿಸಿ ಬರೆದುಕೊಳ್ಳಿ. ‘ಹತ್ತು ಚೀಲ ತುಂಬಿತು’ ಎಂಬ ಲೆಕ್ಕ ಫೋಟೊಗೆ ಚೆನ್ನ, ಆದರೆ ಕಸ ಎಲ್ಲಿಂದ ಬಂತೆಂದು ಅದು ಹೇಳುವುದಿಲ್ಲ. ಕಡಲಕಳೆಯನ್ನು ಮಾತ್ರ ಮುಟ್ಟಬೇಡಿ; ಅದರಡಿಯ ಹುಳುಹುಪ್ಪಟೆಗಳೇ ತೀರದ ಹಕ್ಕಿಗಳ ಆಹಾರ. (ಮೊದಮೊದಲು ನಾನೂ ಅದನ್ನು ಕಸವೆಂದೇ ಗುಡಿಸಿದ್ದೆ!) ಮರಳಲ್ಲಿ ಹೂತ ಬಲೆಯನ್ನು ಜಗ್ಗಬೇಡಿ, ಮೇಲೆ ಕಾಣುವಷ್ಟನ್ನು ಕತ್ತರಿಸಿ ತೆಗೆಯಿರಿ. ಸಿರಿಂಜ್ ಕಂಡರೆ ಇಕ್ಕಳವೇ ಬೇಕು, ಕೈಗವಸು ಸಾಲದು.