ಕರೆಂಟ್ ಹೋದಾಗ ಕೈಕೊಡದ ಜನರೇಟರ್: ಕೊಳ್ಳುವ ಮುನ್ನ ಲೆಕ್ಕ ಹೀಗಿರಲಿ

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟುವುದು ಹೊಸದಲ್ಲ. ಸಂಜೆ ಬಿರುಗಾಳಿ ಎದ್ದು ಮರದ ಟೊಂಗೆ ತಂತಿಯ ಮೇಲೆ ಬಿತ್ತೆಂದರೆ, ಜೆಸ್ಕಾಂ ಲೈನ್‌ಮನ್ ಬಂದು ಸರಿಪಡಿಸುವ ತನಕ ಫ್ಯಾನೂ ಇಲ್ಲ, ಕೂಲರೂ ಇಲ್ಲ. ಇಂಥ ಒಂದು ರಾತ್ರಿ ಕಳೆದ ಮೇಲೆಯೇ ಹೆಚ್ಚಿನವರು ಜನರೇಟರ್ ಅಂಗಡಿಗೆ ಹೋಗುವುದು. ಅವಸರದಲ್ಲಿ ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿ ನೋಡಿ ಕೊಂಡು ತರುತ್ತಾರೆ, ಫ್ರಿಡ್ಜ್ ಚಾಲೂ ಆಗುವಾಗಲೇ ಯಂತ್ರ ನಿಲ್ಲುತ್ತದೆ.

ದಿನಕ್ಕೆ ಎರಡು ಮೂರು ಗಂಟೆ ಮಾತ್ರ ಕರೆಂಟ್ ಹೋಗುತ್ತಿದ್ದರೆ ಜನರೇಟರ್ ಬೇಡ. 150 ಎಎಚ್ ಬ್ಯಾಟರಿಯ ಮನೆ ಇನ್ವರ್ಟರ್ ಮೂರು ಫ್ಯಾನ್, ನಾಲ್ಕಾರು ಎಲ್‌ಇಡಿ ದೀಪಗಳನ್ನು ಮೂರರಿಂದ ನಾಲ್ಕು ಗಂಟೆ ನಡೆಸುತ್ತದೆ. ಅದಕ್ಕೂ ಮೀರಿ ಕತ್ತಲಾಗುವ ಹಳ್ಳಿ, ಬಡಾವಣೆಗಳಿಗೆ, ಹಾಲು, ಐಸ್‌ಕ್ರೀಂ, ಔಷಧಿ ತಣ್ಣಗಿಡಬೇಕಾದ ಅಂಗಡಿಗಳಿಗೆ ಜನರೇಟರ್ ಸರಿ.

ಮೊದಲು ಕಾಗದದ ಮೇಲೆ ಲೆಕ್ಕ

ಕತ್ತಲಲ್ಲಿ ನಿಜಕ್ಕೂ ನಡೆಯಬೇಕಾದವುಗಳನ್ನಷ್ಟೇ ಬರೆಯಿರಿ. ಸಾಮಾನ್ಯ ಮನೆಯೊಂದರ ಲೆಕ್ಕ: ನಾಲ್ಕು ಫ್ಯಾನ್ 300 ವ್ಯಾಟ್, ಆರು ಎಲ್‌ಇಡಿ ದೀಪ 55, ಕೂಲರ್ 200, ಫ್ರಿಡ್ಜ್ 150, ಟಿವಿ 100, ವೈಫೈ 10. ಒಟ್ಟು 815 ವ್ಯಾಟ್. ಇದು ಓಡುವಾಗಿನ ಲೋಡ್. ಮೋಟರ್ ಇರುವ ಯಾವುದೇ ಸಾಧನ ಚಾಲೂ ಆಗುವ ಕ್ಷಣದಲ್ಲಿ ಹಲವು ಪಟ್ಟು ಹೆಚ್ಚು ಎಳೆಯುತ್ತದೆ. 150 ವ್ಯಾಟಿನ ಹಳೆ ಮಾದರಿ ಫ್ರಿಡ್ಜ್ ಆ ಕ್ಷಣಕ್ಕೆ 900 ಕೇಳಬಹುದು. ಎಲ್ಲ ಮೋಟರ್‌ಗಳೂ ಒಟ್ಟಿಗೆ ಚಾಲೂ ಆಗುವುದಿಲ್ಲ, ಆದ್ದರಿಂದ ಅತಿ ದೊಡ್ಡ ಒಂದರ ಹೆಚ್ಚುವರಿಯನ್ನಷ್ಟೇ ಸೇರಿಸಿ: 815ಕ್ಕೆ 750 ಕೂಡಿದರೆ 1,565.

ಇನ್ನೊಂದು ಕಡಿತವಿದೆ, ಅಂಗಡಿಯಲ್ಲಿ ಇದನ್ನು ಹೇಳುವವರು ಕಡಿಮೆ. ಬಿಸಿ ಗಾಳಿ, ಎತ್ತರದ ಗಾಳಿ ಎರಡೂ ತೆಳು, ಎಂಜಿನ್‌ಗೆ ಸಿಗುವ ಆಮ್ಲಜನಕ ಕಡಿಮೆ. ಸಮುದ್ರಮಟ್ಟದಿಂದ ಪ್ರತಿ 100 ಮೀಟರ್ ಏರಿದಂತೆ ಶಕ್ತಿ ಶೇ 1ರಷ್ಟು ಇಳಿಯುತ್ತದೆ. ಕಲಬುರಗಿ ಸುಮಾರು 450 ಮೀಟರ್ ಎತ್ತರದಲ್ಲಿದೆ, ಬೀದರ್ 660ರ ಆಸುಪಾಸು. ಬೇಸಿಗೆಯ ಬಿಸಿಯನ್ನೂ ಸೇರಿಸಿದರೆ ಶೇ 10 ಹೋಯಿತೆಂದೇ ಲೆಕ್ಕ. 1,565ನ್ನು 0.9ರಿಂದ ಭಾಗಿಸಿದರೆ 1,740. ಅಂದರೆ ಈ ಮನೆಗೆ ಬೇಕಿರುವುದು ‘ರೇಟೆಡ್’ (ಸತತವಾಗಿ ಕೊಡಬಲ್ಲ) ಸಾಮರ್ಥ್ಯ 1.8 ಕಿಲೋವ್ಯಾಟ್ ಇರುವ ಯಂತ್ರ. ನೇಮ್‌ಪ್ಲೇಟಿನಲ್ಲಿ ಕೆವಿಎ ಮಾತ್ರ ಇದ್ದರೆ ಪವರ್ ಫ್ಯಾಕ್ಟರ್, ಅಂದರೆ ಕೆವಿಎಯಲ್ಲಿ ನಿಜಕ್ಕೂ ಕಿಲೋವ್ಯಾಟ್ ಆಗುವ ಪಾಲು ಎಷ್ಟು ಎಂದು ಕೇಳಿ: ಅದು 0.8 ಆಗಿದ್ದರೆ 2 ಕೆವಿಎ ಎಂದರೆ 1.6 ಕಿಲೋವ್ಯಾಟ್ ಅಷ್ಟೇ. ‘ಮ್ಯಾಕ್ಸಿಮಮ್’ ಎಂದು ಬರೆದ ಅಂಕಿ ಕೆಲವೇ ಕ್ಷಣಗಳ ತಾಕತ್ತು, ಅದನ್ನು ನಂಬಿ ಕೊಳ್ಳಬೇಡಿ.

ಬೋರ್ ಮೋಟರ್ ವಿಷಯ ಬೇರೆ. 1 ಎಚ್‌ಪಿ ಮೋಟರ್ ಓಡುವಾಗ 1,100 ವ್ಯಾಟ್ ತಿಂದರೆ, ಚಾಲೂ ಆಗುವಾಗ 3,300 ದಾಟುತ್ತದೆ. ಅದಕ್ಕಾಗಿ 5 ಕೆವಿಎ ಯಂತ್ರ ಬೇಕು, 80 ಕಿಲೋ ತೂಕ, ಬರೀ ಫ್ಯಾನು ನಡೆಸಿದರೂ ಪೆಟ್ರೋಲ್ ಕುಡಿಯುತ್ತದೆ. ಕರೆಂಟ್ ಇದ್ದಾಗಲೇ ತುಂಬಿಡುವ ದೊಡ್ಡ ಟ್ಯಾಂಕ್ ಇದಕ್ಕಿಂತ ಅಗ್ಗದ ದಾರಿ.

ಯಾವ ಬಗೆ?

ಮನೆಗೆ ಇನ್ವರ್ಟರ್ ಬಗೆಯ ಪೆಟ್ರೋಲ್ ಜನರೇಟರ್ ಉತ್ತಮ. ಲೋಡ್ ಕಡಿಮೆಯಾದಾಗ ಎಂಜಿನ್ ವೇಗವೂ ಇಳಿಯುತ್ತದೆ, ಅರ್ಧ ಲೋಡಿನಲ್ಲಿ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಸಾಕು. ವೋಲ್ಟೇಜ್ ನಯವಾಗಿರುವುದರಿಂದ ಟಿವಿ, ಲ್ಯಾಪ್‌ಟಾಪ್‌ಗೆ ಅಪಾಯವಿಲ್ಲ. ಎವಿಆರ್ (ವೋಲ್ಟೇಜನ್ನು ತಾನೇ ಸಮವಾಗಿಡುವ ಭಾಗ) ಇರುವ ತೆರೆದ ಚೌಕಟ್ಟಿನವು ಅಗ್ಗ, ರಿಪೇರಿ ಸುಲಭ, ಆದರೆ ಸದ್ದು ಹೆಚ್ಚು, ಸದಾ 3,000 ಆರ್‌ಪಿಎಂನಲ್ಲೇ ಓಡುತ್ತವೆ. ವೆಲ್ಡಿಂಗ್, ಪಂಪಿನ ಕೆಲಸಕ್ಕೆ ಅವು ಸರಿ.

ಮನೆಯಲ್ಲಿ ಈಗಾಗಲೇ ಬ್ಯಾಟರಿ ಇನ್ವರ್ಟರ್ ಇದ್ದು, ಜನರೇಟರ್‌ನಿಂದ ಅದು ಚಾರ್ಜ್ ಆಗದಿದ್ದರೆ ಜನರೇಟರ್ ಕೆಟ್ಟಿದೆ ಎಂದುಕೊಳ್ಳಬೇಡಿ. ಇನ್ವರ್ಟರಿನ ಹಿಂಬದಿಯ ಸ್ವಿಚ್ ‘ಯುಪಿಎಸ್’ನಲ್ಲಿರುತ್ತದೆ, ‘ಇಕೋ’ಗೆ ಹಾಕಿ. ಆ ಮೋಡಿನಲ್ಲಿ ಅದು ಏರಿಳಿತದ ವೋಲ್ಟೇಜನ್ನೂ ಒಪ್ಪಿಕೊಳ್ಳುತ್ತದೆ.

ಅಂಗಡಿಯಲ್ಲಿ

ಸಾವಿರ ವ್ಯಾಟಿನ ಇಸ್ತ್ರಿ ಪೆಟ್ಟಿಗೆ, ಮಲ್ಟಿಮೀಟರ್ ಜೊತೆಗಿರಲಿ. ಯಂತ್ರ ಚಾಲೂ ಮಾಡಿಸಿ, ಮೂರು ನಿಮಿಷ ಬಿಟ್ಟು ಇಸ್ತ್ರಿ ಹಚ್ಚಿ. ವೋಲ್ಟೇಜ್ 220ರಿಂದ 240ರೊಳಗೆ ಇರಬೇಕು. ಲೋಡ್ ಬಿದ್ದಾಗ ಕುಗ್ಗಿದ ಸದ್ದು ಒಂದೆರಡು ಸೆಕೆಂಡಿನಲ್ಲಿ ಚೇತರಿಸಿಕೊಳ್ಳಬೇಕು. ಸದ್ದು ಏರಿಳಿಯುತ್ತಲೇ ಇದ್ದರೆ ಗವರ್ನರ್ (ಎಂಜಿನ್ ವೇಗವನ್ನು ಹಿಡಿತದಲ್ಲಿಡುವ ಭಾಗ) ಅಥವಾ ಕಾರ್ಬ್ಯುರೇಟರ್ ಸರಿಯಿಲ್ಲ, ಆ ಯಂತ್ರ ಬೇಡ. ಸಿಪಿಸಿಬಿ (ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ) ಅನುಮೋದನೆಯ ಲೇಬಲ್, ಆಯಿಲ್ ಕಡಿಮೆಯಾದರೆ ತಾನೇ ನಿಲ್ಲುವ ವ್ಯವಸ್ಥೆ, ತಾಮ್ರದ ವೈಂಡಿಂಗ್ ಇವೆಯೇ ಕೇಳಿ, ಬಿಲ್ಲಿನಲ್ಲಿ ಬರೆಸಿ.

ಹೈದರಾಬಾದ್, ಸೊಲ್ಲಾಪುರದಲ್ಲಿ ಎರಡು ಸಾವಿರ ಕಡಿಮೆಗೆ ಸಿಗಬಹುದು. ಆದರೆ ಅದರ ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್, ಸ್ಟಾರ್ಟರ್ ಹಗ್ಗ ನಿಮ್ಮೂರಲ್ಲೇ ಸಿಗುತ್ತವೆಯೇ, ಕಾರ್ಬ್ಯುರೇಟರ್ ಬಿಚ್ಚಬಲ್ಲ ಮಿಸ್ತ್ರಿ ಇದ್ದಾನೆಯೇ ಎಂಬುದನ್ನು ಮೊದಲು ವಿಚಾರಿಸಿ. ಹೆಸರಿಲ್ಲದ ಬ್ರ್ಯಾಂಡಿನ ಯಂತ್ರ ಮೂಲೆ ಸೇರುವುದು ಇನ್ನೂರು ರೂಪಾಯಿಯ ಭಾಗ ಸಿಗದೆ.

ಜೀವದ ಪ್ರಶ್ನೆ

ಎರಡೂ ತುದಿಗೆ ಪಿನ್ ಇರುವ ವೈರಿನಿಂದ ಜನರೇಟರನ್ನು ಗೋಡೆಯ ಸಾಕೆಟ್‌ಗೆ ಚುಚ್ಚುವವರಿದ್ದಾರೆ. ದಯವಿಟ್ಟು ಬೇಡ. ಮೇನ್ ಸ್ವಿಚ್ ತೆಗೆಯಲು ಮರೆತರೆ ಆ 230 ವೋಲ್ಟ್ ಟ್ರಾನ್ಸ್‌ಫಾರ್ಮರ್‌ಗೆ ಹಿಂದಕ್ಕೆ ಹರಿದು 11,000 ವೋಲ್ಟ್ ಆಗುತ್ತದೆ. ಕಂಬದ ಮೇಲೆ ದುರಸ್ತಿ ಮಾಡುತ್ತಿರುವ ಲೈನ್‌ಮನ್ ಅಲ್ಲೇ ಸಾಯುತ್ತಾನೆ. ಫೇಸ್, ನ್ಯೂಟ್ರಲ್ ಎರಡನ್ನೂ ಬದಲಿಸುವ ಡಬಲ್ ಪೋಲ್ ಚೇಂಜ್‌ಓವರ್ ಸ್ವಿಚ್ಚನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದ ಹಾಕಿಸಿ, ಅರ್ತಿಂಗ್ ಕೊಡಿಸಿ. ಜನರೇಟರ್ ಮೇಲೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿತಗೊಳಿಸುವ ಸ್ವಿಚ್) ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸಲು ಅವರಿಗೇ ಹೇಳಿ. 2 ಕೆವಿಎ ಯಂತ್ರದ ಎಕ್ಸ್‌ಟೆನ್ಷನ್‌ಗೆ 2.5 ಚದರ ಮಿಲಿಮೀಟರ್ ವೈರ್ ಇರಲಿ. ತೆಳು ವೈರ್ ಬಿಸಿಯಾಗಿ ಕರಗುತ್ತದೆ.

ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಪಡಸಾಲೆ, ಮೆಟ್ಟಿಲ ಕೆಳಗೆ, ಶಟರ್ ಎಳೆದ ಅಂಗಡಿಯಲ್ಲಿ ಎಂದೂ ನಡೆಸಬೇಡಿ. ಕಿಟಕಿ ಬಾಗಿಲಿನಿಂದ ಕನಿಷ್ಠ 6 ಮೀಟರ್ ದೂರ ಇಟ್ಟು, ಸೈಲೆನ್ಸರ್ ಬಾಯಿ ಮನೆಗೆ ಬೆನ್ನು ಮಾಡಿರಲಿ. ಮೇಲೆ ನೆರಳು, ನಾಲ್ಕೂ ಕಡೆ ಗಾಳಿ.

ಬಳಕೆ, ಆರೈಕೆ

ಚಾಲೂ ಮಾಡಿ ಎರಡು ಮೂರು ನಿಮಿಷ ಲೋಡ್ ಇಲ್ಲದೆ ಓಡಲಿ. ಮೊದಲು ಫ್ರಿಡ್ಜ್, ಆಮೇಲೆ ಕೂಲರ್, ಕೊನೆಗೆ ಫ್ಯಾನು, ದೀಪ. ಪೆಟ್ರೋಲ್ ಹಾಕುವುದಿದ್ದರೆ ನಿಲ್ಲಿಸಿ, ಹದಿನೈದು ನಿಮಿಷ ಆರಲು ಬಿಡಿ. ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಇಡಬಹುದಾದ್ದು 30 ಲೀಟರ್ ವರೆಗೆ, ಅದೂ 25 ಲೀಟರಿಗೆ ಮೀರದ ಲೋಹದ ಕ್ಯಾನಿನಲ್ಲಿ. ನೀರಿನ ಪ್ಲಾಸ್ಟಿಕ್ ಬಾಟಲಿ ಸಲ್ಲದು.

ಹೊಸ ಯಂತ್ರದ ಆಯಿಲನ್ನು ಮೊದಲ 20 ಗಂಟೆಗೆ ಬದಲಿಸಿ, ನಂತರ ಪ್ರತಿ 100 ಗಂಟೆಗೆ ಅಥವಾ ಆರು ತಿಂಗಳಿಗೆ. ಎರೆಹೊಲದ ದೂಳು, ಶಹಾಬಾದಿನ ಕಲ್ಲಿನ ಪುಡಿ, ದಾಲ್ ಮಿಲ್ ಸುತ್ತಲಿನ ಹೊಟ್ಟು ಇರುವಲ್ಲಿ ಏರ್ ಫಿಲ್ಟರನ್ನು ಪ್ರತಿ 25 ಗಂಟೆಗೆ ಬಿಚ್ಚಿ ನೋಡಬೇಕು: ಸ್ಪಂಜನ್ನು ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಎಂಜಿನ್ ಆಯಿಲ್ ಕೆಲವು ಹನಿ ಹಾಕಿ ಹಿಂಡಿ.

ಮಳೆಗಾಲದ ನಂತರ ತಿಂಗಳುಗಟ್ಟಲೆ ಸುಮ್ಮನಿಟ್ಟ ಯಂತ್ರವೇ ಬೇಸಿಗೆಯಲ್ಲಿ ಚಾಲೂ ಆಗದಿರುವುದು. ಈಗಿನ ಪೆಟ್ರೋಲಿನಲ್ಲಿರುವ ಎಥೆನಾಲ್ ತೇವ ಹೀರುತ್ತದೆ, ಹಳೆಯ ಪೆಟ್ರೋಲ್ ಅಂಟಾಗಿ ಕಾರ್ಬ್ಯುರೇಟರಿನ ಸಣ್ಣ ರಂಧ್ರವನ್ನು (ಜೆಟ್) ಮುಚ್ಚುತ್ತದೆ. ತಿಂಗಳಿಗಿಂತ ಹೆಚ್ಚು ಬಳಸುವುದಿಲ್ಲವೆಂದರೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬ್ಯುರೇಟರ್ ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿ ಉಳಿದದ್ದನ್ನೂ ತೆಗೆಯಿರಿ. ಮಾರ್ಚ್ ಬಂದಾಗ ಹೊಸ ಪೆಟ್ರೋಲ್ ಒಂದು ಲೀಟರ್ ಹಾಕಿ, ಅರ್ಧ ಲೋಡಿನಲ್ಲಿ ಇಪ್ಪತ್ತು ನಿಮಿಷ ಓಡಿಸಿ ನೋಡಿ.