ತುತ್ತ, ಸುಣ್ಣ ಸಮ ಬಂದರೆ ಬೋರ್ಡೋ ಸರಿ

ಮಳೆ ಹಿಡಿಯಿತೆಂದರೆ ಮಲೆನಾಡು, ಕರಾವಳಿಯ ಅಡಿಕೆ ತೋಟಗಳಲ್ಲಿ ಕೊಳೆರೋಗದ ಭಯ. ಅದಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಹುಟ್ಟಿದ್ದು 1880ರ ದಶಕದಲ್ಲಿ, ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ. ಅದರಲ್ಲಿರುವುದು ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ, ನೀರು, ಅಷ್ಟೇ.

ಮೈಲುತುತ್ತದ ನೀರು ಆಮ್ಲ. ಅದೊಂದನ್ನೇ ಹೊಡೆದರೆ ಎಳೆ ಕಾಯಿ ಸುಟ್ಟುಹೋಗುತ್ತದೆ. ಸುಣ್ಣದ ತಿಳಿ ಕ್ಷಾರ. ಎರಡೂ ಕೂಡಿದಾಗ ಒಂದರ ಉರಿ ಇನ್ನೊಂದು ಕಳೆಯುತ್ತದೆ. ತಾಮ್ರ ಮಾತ್ರ ಸಣ್ಣ ಕಣಗಳಾಗಿ ಉಳಿದು ಕಾಯಿಗೆ ಅಂಟಿಕೊಳ್ಳುತ್ತದೆ. ರೋಗ ತಡೆಯುವುದು ಈ ತಾಮ್ರವೇ. ನಮಗೆ ಬೇಕಾದ್ದು ಅದೇ, ಅಲ್ವಾ?

ಶೇ 1ರ ದ್ರಾವಣ 100 ಲೀಟರ್ ಬೇಕೆಂದರೆ ತಲಾ 1 ಕಿಲೋ ತುತ್ತ, ಸುಣ್ಣ ತೂಗಿಟ್ಟುಕೊಳ್ಳಿ. ತುತ್ತವನ್ನು ಬಟ್ಟೆಯಲ್ಲಿ ಕಟ್ಟಿ, 50 ಲೀಟರ್ ನೀರಿನ ಮೇಲ್ಭಾಗದಲ್ಲಿ ಮುಳುಗುವಷ್ಟು ಇಳಿಬಿಡಿ. ಕರಗಿದ ನೀಲಿ ನೀರು ಭಾರ. ತಾನಾಗಿ ತಳಕ್ಕೆ ಇಳಿಯುತ್ತದೆ, ಕಲಕುವ ಕೆಲಸ ತಪ್ಪುತ್ತದೆ. ಪ್ಲಾಸ್ಟಿಕ್ ಡ್ರಮ್ ಆಗಲಿ. ಕಬ್ಬಿಣದ ಪಾತ್ರೆ ಖಂಡಿತ ಬೇಡ, ತಾಮ್ರವೆಲ್ಲ ಅದಕ್ಕೇ ಹಿಡಿಯುತ್ತದೆ.

ಸುಟ್ಟ ಸುಣ್ಣಕ್ಕೆ ಸ್ವಲ್ಪ ಸ್ವಲ್ಪ ನೀರು ಹಾಕಿ ಅರಳಿಸಿ. ಕೊತಕೊತ ಕುದಿಯುತ್ತದೆ, ಮುಖ ದೂರ ಇರಲಿ. ಉಳಿದ 50 ಲೀಟರ್ ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ. ಪೂರ್ತಿ ತಣ್ಣಗಾಗುವವರೆಗೆ ಕಾಯಲೇಬೇಕು. ಬಿಸಿಯಲ್ಲಿ ಬೆರೆಸಿದರೆ ಕಣ ದಪ್ಪವಾಗಿ ನಾಜಲ್ ಕಟ್ಟಿಕೊಳ್ಳುತ್ತದೆ.

ಈಗ ಸುಣ್ಣದ ತಿಳಿಗೆ ತುತ್ತದ ನೀರನ್ನು ನಿಧಾನವಾಗಿ ಸುರಿಯಿರಿ, ಕೋಲಿನಿಂದ ಕಲಕುತ್ತಲೇ ಇರಿ. ಚೆಂದದ ಆಕಾಶ ನೀಲಿ ಬರುತ್ತದೆ. ಬಣ್ಣ ನೋಡಿ ಸುಮ್ನೆ ನಂಬಬೇಡಿ. ಸುಣ್ಣದ ಗುಣ ಚೀಲದಿಂದ ಚೀಲಕ್ಕೆ ಬೇರೆ, ತೂಕ ಸರಿಯಿದ್ದರೂ ಸಮ ಬಂದಿರಲಿಕ್ಕಿಲ್ಲ.

ಅದಕ್ಕೇ ಕತ್ತಿ ಪರೀಕ್ಷೆ. ಉಜ್ಜಿ ಹೊಳೆಯುವ ಕತ್ತಿಯನ್ನು ಒಂದೆರಡು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ಲೇಪ ಕಂಡರೆ ಅದು ತಾಮ್ರ. ತುತ್ತ ಇನ್ನೂ ಜಾಸ್ತಿ ಇದೆ ಎಂದರ್ಥ. ಸುಣ್ಣದ ತಿಳಿ ಸ್ವಲ್ಪ ಸ್ವಲ್ಪವೇ ಸೇರಿಸಿ, ಕತ್ತಿ ಒರೆಸಿ ಮತ್ತೆ ಅದ್ದಿ. ಲೇಪ ಹಿಡಿಯದಿದ್ದರೆ ನಿಲ್ಲಿಸಿ. ‘ಇರಲಿ’ ಎಂದು ಮತ್ತೊಂದಿಷ್ಟು ಸುಣ್ಣ ಸುರಿಯುವವರಿದ್ದಾರೆ. ಅತಿಯಾದರೆ ತಾಮ್ರ ಕಟ್ಟಿಹಾಕಿದಂತಾಗಿ ಔಷಧಿಯೇ ಮಂಕಾಗುತ್ತದೆ. ಸುಣ್ಣ ಜಾಸ್ತಿಯಾದದ್ದನ್ನು ಕತ್ತಿ ತೋರಿಸುವುದಿಲ್ಲ, ಲಿಟ್ಮಸ್ ಕಾಗದ ತೋರಿಸುತ್ತದೆ.

ಮಾಡಿದ್ದನ್ನು ಅಂದೇ ಹೊಡೆದು ಮುಗಿಸಿ, ನಾಳೆಗೆ ಇಟ್ಟರೆ ಕಣಗಳು ಗಟ್ಟಿಯಾಗಿ ತಳ ಕಾಣುತ್ತವೆ. ಮೊದಲ ಸುತ್ತು ಮಳೆ ಜೋರಾಗುವ ಮುಂಚೆ, ಎರಡನೆಯದು 40–45 ದಿನ ಬಿಟ್ಟು, ಹೊಳವು (ಮಳೆಯ ಬಿಡುವು) ನೋಡಿಕೊಂಡು.